ಕೌದಿ ಹೊದ್ದ ಫ್ಲಾಸ್ಕು

ಕೊಳ್ಳುವ ಮೊದಲು ಫ್ಲಾಸ್ಕಿನ ಬಾಯಿಗೆ ಕಿವಿ ಹಚ್ಚಿ ಕೇಳುವ ಚಟ ನನಗೆ ಇನ್ನೂ ಹೋಗಿಲ್ಲ. ಮೊನ್ನೆ ಹುಬ್ಬಳ್ಳಿಯ ಪಾತ್ರೆ ಅಂಗಡಿಯಲ್ಲೂ ಹಾಗೆಯೇ ಮಾಡಿದೆ. ಅಂಗಡಿಯವನು ನಕ್ಕು, “ಅಮ್ಮಾರ, ಅದು ಫೋನ್ ಅಲ್ರಿ, ಫ್ಲಾಸ್ಕು” ಎಂದ. “ಗೊತ್ತೈತಪಾ. ನೀ ಹುಟ್ಟೂಕಿಂತ ಮದ್ಲ ನಾ ಇದರ ಕೂಡ ಮಾತಾಡೀನಿ” ಎಂದೆ. ಅವನು ತೋರಿಸಿದ್ದು ಸ್ಟೀಲಿನದು. ಬಿದ್ದರೆ ಒಡೆಯುವುದಿಲ್ಲವಂತೆ, ಒಂದು ಹಗಲು ಒಂದು ರಾತ್ರಿ ಬಿಸಿ ಹಿಡಿಯುತ್ತದಂತೆ. ಇರಬಹುದು. ಆದರೆ ಎಷ್ಟು ಹೊತ್ತು ಕಿವಿ ಹಚ್ಚಿದರೂ ಒಳಗಿನಿಂದ ನನಗೆ ಏನೂ ಕೇಳಿಸಲಿಲ್ಲ. ಫ್ಲಾಸ್ಕು ಮೂಕವೋ ನನ್ನ ಕಿವಿ ಮಂದವೋ, ಬೇಡವೆಂದು ಹೇಳಿ ಬಂದುಬಿಟ್ಟೆ. ಅವನು ಹಿಂದಿನಿಂದ ಏನೋ ಅಂದ, ಅನ್ನಲಿ.

ಒಳಗೆ ಗಾಜಿದ್ದ ಹಳೆಯ ಫ್ಲಾಸ್ಕುಗಳು ಹಾಗಿರಲಿಲ್ಲ. ಬೂಚು ತೆಗೆದು ಕಿವಿಗಿಟ್ಟರೆ ಗುಂಯ್ ಎನ್ನುತ್ತಿದ್ದವು. ದೂರದ ಹೊಲದಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದಾರೆ, ಮಾತು ಮಾತ್ರ ತಿಳಿಯುತ್ತಿಲ್ಲ, ಅಂಥ ಸದ್ದು. ಈಗಲೂ ಮಧ್ಯಾಹ್ನ ಊಟವಾಗಿ ಮಂಚಕ್ಕೆ ಒರಗಿದಾಗ, ಕಣ್ಣು ಮುಚ್ಚುವುದಕ್ಕೂ ನಿದ್ದೆ ಹತ್ತುವುದಕ್ಕೂ ನಡುವೆ ಆ ಗುಂಯ್ ಕೇಳುತ್ತದೆ. ಅದರ ಹಿಂದೆಯೇ ಎರೆ ಹೊಲದ ದಾರಿ ಬರುತ್ತದೆ, ಬಿಸಿಲು ಬರುತ್ತದೆ, ಬಗಲಲ್ಲಿ ಕಿಣಿಕಿಣಿ ಎನ್ನುವ ಐಸು ಬರುತ್ತದೆ, ಕೊನೆಗೆ ಅವಳ ಮುಖ. ಅವಳ ಮುಖ ಬಂದಮೇಲೆ ನನಗೆ ನಿದ್ದೆಯಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮದು ಕುಂದಗೋಳ ಕಡೆಯ ಕುಬಿಹಾಳ. ನರ್ಸ್ ತರಬೇತಿ ಮುಗಿಸಿದ ನನಗೆ ನೌಕರಿ ಸಿಕ್ಕಿದ್ದು ನವಲಗುಂದ ತಾಲೂಕಿನಲ್ಲಿ, ಶಲವಡಿಯಲ್ಲಿ ಬಸ್ಸಿಳಿದು ಒಂದು ಹರದಾರಿ ನಡೆದರೆ ಸಿಗುವ ಸಣ್ಣ ಹಳ್ಳಿಯಲ್ಲಿ. ಊರಿಗೆ ನಾನು ನರ್ಸಬಾಯಿ, ಎದುರಿಗೆ ಸಿಕ್ಕರೆ ‘ಬಾಯಾರ’. ವಯಸ್ಸು ಇಪ್ಪತ್ತನಾಲ್ಕು, ಸಿಟ್ಟು ಮೂಗಿನ ತುದಿಯಲ್ಲಿ. ಒಬ್ಬ ಮುದುಕಿಯ ಮನೆಯಲ್ಲಿ, ಪಡಸಾಲೆಗೆ ಹತ್ತಿದ ಕೋಣೆಯಲ್ಲಿ ಬಾಡಿಗೆಗಿದ್ದೆ. ಊರವರೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ.

ತಿಂಗಳಿಗೊಂದು ದಿನ ಕೂಸುಗಳಿಗೆ ಪೋಲಿಯೋ ಹನಿ ಹಾಕುವ ದಿನ. ಅವತ್ತು ಮುಂಜಾನೆಯ ಬಸ್ಸಿಗೆ ನವಲಗುಂದಕ್ಕೆ ಹೋಗುತ್ತಿದ್ದೆ. ದವಾಖಾನೆಯ ಫ್ರಿಜ್ಜಿನಿಂದ ಹನಿಯ ಸಣ್ಣ ಬಾಟಲಿಗಳನ್ನು ಇಸಿದುಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ದಾರ ಕಟ್ಟಿ, ಬಾವಿಗೆ ಕೊಡ ಬಿಟ್ಟಂತೆ ಫ್ಲಾಸ್ಕಿನೊಳಗೆ ಇಳಿಬಿಡುತ್ತಿದ್ದೆ. ಸುತ್ತಲೂ ಐಸಿನ ಚೂರು. ದಾರದ ತುದಿ ಬೂಚಿನ ಪಕ್ಕದಿಂದ ಹೊರಗೆ. ಆ ಔಷಧದ ಗುಣ ಒಂದೇ: ತಂಪಾಗಿದ್ದರೆ ಅದಕ್ಕೆ ಜೀವ, ಬೆಚ್ಚಗಾದರೆ ಬರೀ ನೀರು. ಮುಂದೆ ಅದಕ್ಕೆಂದೇ ದಪ್ಪ ಗೋಡೆಯ ಡಬ್ಬಿಗಳು ಬಂದವು. ಆಗ ನನ್ನ ಕೈಯಲ್ಲಿದ್ದದ್ದು ಫ್ಲಾಸ್ಕು ಮಾತ್ರ.

ಶಲವಡಿಯಿಂದ ಆ ಒಂದು ಹರದಾರಿಯಲ್ಲಿ ಒಂದೇ ಒಂದು ಗಿಡದ ನೆರಳಿರಲಿಲ್ಲ. ಬೇಸಿಗೆಯಲ್ಲಿ ಎರೆಭೂಮಿ ಪಾದ ಹೊಗುವಷ್ಟು ಬಿರಿದಿರುತ್ತಿತ್ತು. ಮುಂದೆ ಬಿಸಿಲ್ಗುದುರೆ ಕೆರೆಯಾಗಿ ನಿಂತು, ನಾನು ನಡೆದಷ್ಟೂ ಹಿಂದೆ ಸರಿಯುತ್ತಿತ್ತು. ಆ ಉರಿಯ ನಡುವೆ ನನ್ನ ಬಗಲಲ್ಲಿ ಮಾತ್ರ ಒಂದು ಚೂರು ಚಳಿಗಾಲ. ನಡೆದ ಹಾಗೆ ಅದು ನುಡಿಯುತ್ತಿತ್ತು. ಐಸು ದಪ್ಪವಿದ್ದಾಗ ಗಾಜಿಗೆ ತಾಗುವ ಸದ್ದು ಗಟ್ಟಿ. ಕರಗುತ್ತ ಬಂದಂತೆ ಬಳೆಯ ಸದ್ದು. ಆಮೇಲೆ ಬರೀ ಗುಳುಗುಳು. ಕೆಲವೊಮ್ಮೆ ಕಣ್ಣು ಅರ್ಧ ಮುಚ್ಚಿ, ಆ ಸದ್ದನ್ನೇ ಹಿಡಿದುಕೊಂಡು ನಡೆದುಬಿಡುತ್ತಿದ್ದೆ. ಊರು ಬಂದದ್ದು ನಾಯಿ ಬೊಗಳಿದಾಗಲೇ ತಿಳಿಯುತ್ತಿತ್ತು.

ಮೊದಲ ವರ್ಷ ನನ್ನ ಹತ್ತಿರ ಇದ್ದದ್ದು ಸಂತೆಯಲ್ಲಿ ನಾನೇ ಕೊಂಡ ತಗಡಿನ ಮೈಯ ಫ್ಲಾಸ್ಕು. ಮೈಮೇಲೆ ಒಂದು ಹಸಿರು ಗಿಳಿ ಬರೆದಿತ್ತು. ಗಿಳಿ ನೋಡಿ ಮರುಳಾಗಿದ್ದೆ, ಬೂಚು ಸಡಿಲವಿದ್ದದ್ದನ್ನು ನೋಡಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ಒಂದು ದಿನ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬಂದು, ಶಲವಡಿ ಸೇರಿ, ನಡೆದು ಊರು ಮುಟ್ಟುವ ಹೊತ್ತಿಗೆ ಐಸಿನ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು. ಬೂಚು ತೆಗೆದು ಬೆರಳಿಟ್ಟೆ. ನೀರು ತಂಪೂ ಅಲ್ಲ, ಬಿಸಿಯೂ ಅಲ್ಲ. ಹನ್ನೊಂದು ಜನ ತಾಯಂದಿರು ಕೂಸು ಕಟ್ಟಿಕೊಂಡು ಮುಂಜಾನೆಯಿಂದ ಕಾದಿದ್ದರು. ಇವತ್ತು ವಾಪಸ್ ಕಳಿಸಿದರೆ ಇವರು ಇನ್ನೊಮ್ಮೆ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಪೂರ್ತಿ ಕೆಟ್ಟಿರಲಿಕ್ಕಿಲ್ಲ ಎಂದೂ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹಸಿವಾಗಿತ್ತು, ತಲೆ ಸಿಡಿಯುತ್ತಿತ್ತು, ಒಮ್ಮೆ ಕೆಲಸ ಮುಗಿದರೆ ಸಾಕಾಗಿತ್ತು. ಹನ್ನೊಂದು ಕೂಸುಗಳಿಗೂ ಹನಿ ಹಾಕಿಬಿಟ್ಟೆ.

ಮುಂದಿನ ತಿಂಗಳುಗಳಲ್ಲಿ ಹತ್ತು ಕೂಸುಗಳಿಗೆ ಮತ್ತೆ ಮತ್ತೆ ಹನಿ ಬಿತ್ತು, ಅವಕ್ಕೆ ಏನೂ ಆಗಲಿಲ್ಲ. ಹನ್ನೊಂದನೆಯದು ಓಣಿಯ ಕೊನೆಯ ಮನೆಯ ಹೆಣ್ಣುಕೂಸು. ಅದರ ತಾಯಿ ತವರಿಗೆ ಹೋದವಳು ವರ್ಷದ ಮೇಲೆಯೇ ಅಲ್ಲಿ ಉಳಿದಳು. ಹಾಗಾಗಿ ಆ ಕೂಸಿನ ಬಾಯಿಗೆ ಬಿದ್ದದ್ದು ಆ ದಿನದ ಹನಿ ಮಾತ್ರ. ಮರುವರ್ಷ ಮಳೆಗಾಲದಲ್ಲಿ ಅದಕ್ಕೆ ಮೂರು ದಿನ ಜ್ವರ ಬಂತು. ಜ್ವರ ಹೋಗುವಾಗ ಎಡಗಾಲಿನ ಶಕ್ತಿಯನ್ನೂ ತೆಗೆದುಕೊಂಡು ಹೋಯಿತು. ಅವತ್ತು ಆ ಮನೆಯ ಪಡಸಾಲೆಯಲ್ಲಿ ಕೂತು ತಾಯಿಗಿಂತ ಹೆಚ್ಚು ನಾನು ಅತ್ತೆ. ಡಾಕ್ಟರು, “ಹನಿ ಹಾಕಿದರೂ ಒಮ್ಮೊಮ್ಮೆ ಬರುತ್ತದೆ, ಇದೇ ಕಾರಣ ಅಂತ ಹೇಳಲಾಗದು” ಎಂದರು. ನಾನು ಬೆರಳಿಟ್ಟು ನೋಡಿದ್ದು ಅವರಿಗೆ ಗೊತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ಅಂದಿನಿಂದ ನನಗೆ ಫ್ಲಾಸ್ಕಿನ ಹುಚ್ಚು ಹಿಡಿಯಿತು. ಯಾವುದು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತಿಳಿಯದೆ ಇನ್ನೊಮ್ಮೆ ಬಸ್ಸು ಹತ್ತುವುದಿಲ್ಲ ಎಂದು ನಿರ್ಧರಿಸಿದೆ. ಊರಲ್ಲಿ ಇನ್ನೆರಡು ಫ್ಲಾಸ್ಕುಗಳಿದ್ದವು. ಶಾಲೆಯ ಮಾಸ್ತರರ ಮನೆಯಲ್ಲಿ ಕೆಂಪು ಪ್ಲಾಸ್ಟಿಕ್ಕಿನದು ಒಂದು. ಆಯಿಯ ಮನೆಯಲ್ಲಿ ಅಗಲ ಬಾಯಿಯದು ಒಂದು, ಆಕೆಯ ಮಗಳ ಬಾಣಂತನಕ್ಕೆ ತಂದದ್ದು. ನಮ್ಮ ಕಡೆ ಆಗ ಫ್ಲಾಸ್ಕು ಎಂದರೆ ಬಾಣಂತಿಯ ಬಿಸಿನೀರು ಎಂದೇ ಅರ್ಥ. ಬಾಣಂತಿಗಾಗಲಿ ಎಳೆಗೂಸಿಗಾಗಲಿ ತಣ್ಣನೆಯದು ಯಾವುದೂ ತಾಗಕೂಡದು. ಕುಡಿಯುವ ನೀರು, ಹಚ್ಚುವ ಎಣ್ಣೆ, ಕಡೆಗೆ ಕೂಸನ್ನು ಎತ್ತಿಕೊಳ್ಳುವವರ ಕೈ ಕೂಡ ಬೆಚ್ಚಗಿರಬೇಕು. ಹೊರಗಿನಿಂದ ಬಂದವರು ಅಂಗೈಯನ್ನು ಒಲೆಗೆ ತೋರಿಸಿಯೇ ಕೂಸು ಮುಟ್ಟುತ್ತಿದ್ದರು.

ಐಸು ಊರಲ್ಲಿ ಸಿಗುತ್ತಿರಲಿಲ್ಲವಾದ್ದರಿಂದ ಪರೀಕ್ಷೆಯನ್ನು ಚಹಾದಿಂದ ಮಾಡಿದೆ. ಬಿಸಿ ಹಿಡಿದದ್ದು ತಂಪನ್ನೂ ಹಿಡಿಯುತ್ತದೆ ಎಂಬುದು ನನಗೆ ಗೊತ್ತಿತ್ತು. ಒಂದು ರವಿವಾರ ಮುಂಜಾನೆ ಪಡಸಾಲೆಯಲ್ಲಿ ಗಿಳಿಯದು, ಕೆಂಪಿನದು, ಅಗಲ ಬಾಯಿಯದು, ಮೂರನ್ನೂ ಸಾಲಾಗಿ ಇಟ್ಟು, ಕುದಿಯುವ ಚಹಾ ತುಂಬಿದೆ. ತೀರ್ಪು ಕೊಡುವವಳು ಆಯಿ. ಎರಡು ತಾಸಿಗೊಮ್ಮೆ ಮೂರರಿಂದಲೂ ಒಂದೊಂದು ಗುಟುಕು ಆಕೆಯ ಬಟ್ಟಲಿಗೆ. ಆಕೆ ಕಣ್ಣು ಮುಚ್ಚಿ ಬಾಯಿ ಚಪ್ಪರಿಸುವುದು, ನಾನು ಉಸಿರು ಹಿಡಿದು ಕಾಯುವುದು. ಹೊರಗೆ ಬಿಸಿಲು ಬಾಗಿಲವರೆಗೆ ಬಂದು, ಹೊಸ್ತಿಲು ದಾಟಿ, ಮೆಲ್ಲಗೆ ಫ್ಲಾಸ್ಕಿನ ನೆರಳುಗಳನ್ನು ಗೋಡೆಯವರೆಗೆ ಎಳೆದುಕೊಂಡು ಹೋಯಿತು. ಅಷ್ಟು ಸಾವಕಾಶವಾದ ದಿನವನ್ನು ನಾನು ಆಮೇಲೆ ಕಂಡಿಲ್ಲ.

ಗಿಳಿಯದು ಮಧ್ಯಾಹ್ನದೊಳಗೇ ಸೋತಿತು. ಆಯಿ ತುಪ್ಪೆಂದು ಉಗುಳಿ, “ಇದು ಮೈಮ್ಯಾಲಿನ ಬಣ್ಣ ಅಷ್ಟ” ಎಂದಳು. ಇಳಿಹೊತ್ತಿಗೆ ತನ್ನದೇ ಮನೆಯ ಫ್ಲಾಸ್ಕಿಗೂ ಆಕೆ ದಯೆ ತೋರಿಸಲಿಲ್ಲ. “ಬಾಯಿ ಅಗಲ ಇದ್ದಾಕಿ ಮಾತೂ ಹಿಡಿಯೂದಿಲ್ಲ, ಬಿಸಿನೂ ಹಿಡಿಯೂದಿಲ್ಲ. ನನ್ನ ಮಗಳ ಸಾಮಾನು, ಅಕಿ ಹಂಗ ಐತಿ” ಎಂದು ನಕ್ಕಳು. ಮರುದಿನ ಮುಂಜಾನೆ ಮಾಸ್ತರರ ಕೆಂಪು ಫ್ಲಾಸ್ಕಿನಿಂದ ಕೊನೆಯ ಗುಟುಕು ಕೊಟ್ಟಾಗ ಆಯಿಯ ಹುಬ್ಬು ಮೇಲೇರಿತು. “ಯವ್ವಾ! ಇನ್ನೂ ನಾಲಿಗಿ ಚುರ್ ಅಂತೈತಿ. ಇದು ಅಗದಿ ಗಟ್ಟಿಗಿತ್ತಿ. ಒಳಗಿಂದು ಹೊರಗ ಬಿಡೂದಿಲ್ಲ.” ನನ್ನ ಕಡೆ ನೋಡಿ ಸೇರಿಸಿದಳು, “ನಿನ್ನಂಗ.”

ಆಕೆ ಹೇಳಿದ್ದು ಬೇರೆ. ಮದುವೆಯ ಮಾತು ತೆಗೆದರೆ ನಾನು ಬಾಯಿ ಬಿಡುತ್ತಿರಲಿಲ್ಲ, ಅದಕ್ಕೆ ಅಂದದ್ದು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನು ಎದ್ದು ಹಿತ್ತಲಿಗೆ ಹೋಗಿ ಸುಮ್ಮನೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಕೆಂಪಿನದರ ಗುಟ್ಟು ಗಾಜಿನಲ್ಲಿರಲಿಲ್ಲ, ಬೂಚಿನಲ್ಲಿತ್ತು. ಮಾಸ್ತರರ ಹೆಂಡತಿ ಬೂಚಿಗೆ ಹಳೆಯ ಧೋತರದ ಅರಿವೆ ಸುತ್ತಿದ್ದಳು, ತಿರುವಿದರೆ ಉಸಿರೂ ಹೋಗದಂತೆ ಕೂರುತ್ತಿತ್ತು. ಅರ್ಧ ತುಂಬಿದ್ದಕ್ಕಿಂತ ಕಂಠಮಟ್ಟ ತುಂಬಿದ್ದೇ ಹೆಚ್ಚು ತಾಳುತ್ತದೆ ಎಂಬುದೂ ತಿಳಿಯಿತು. ಐಸು ಹಾಕುವ ಮೊದಲು ತಣ್ಣೀರಿನಿಂದ ಒಳಗೆ ಕುಲುಕಿ ಚೆಲ್ಲಬೇಕು ಎಂಬುದನ್ನು ಮಾತ್ರ ನಾನು ಬಹಳ ತಡವಾಗಿ ಕಲಿತೆ. ಮಾಸ್ತರರು “ಕೂಸುಗಳ ಕೆಲಸಕ್ಕ ಅಂದ್ರ ಒಯ್ರಿ, ವಾಪಸ್ ಕೊಡೂ ಮಾತ ಬ್ಯಾಡ” ಎಂದರು. ಆಯಿ ಮೂರು ಹಳೆಯ ಇಳಕಲ್ ಸೀರೆಗಳ ತುಂಡು ಸೇರಿಸಿ, ಒಂದರ ಮೇಲೊಂದು ಪದರಿಟ್ಟು, ಒತ್ತೊತ್ತಾಗಿ ದಾರ ಹಾಕಿ ಆ ಫ್ಲಾಸ್ಕಿಗೆ ಒಂದು ಕೌದಿ ಹೊಲಿದು ತೊಡಿಸಿದಳು. “ಬಿಸಿಲಾಗ ಹೊಂಟಾಕಿಗೆ ಮೈಮ್ಯಾಲೊಂದು ಇರಬೇಕಲ್ಲಬೇ” ಎಂದಳು. ಕೌದಿ ತೊಟ್ಟ ಮೇಲೆ ಬೇಸಿಗೆಯಲ್ಲೂ ದೀಪ ಹಚ್ಚುವ ಹೊತ್ತಿಗೆ ಒಳಗೆ ಬಳೆಯ ಸದ್ದು ಇರುತ್ತಿತ್ತು. ಅದನ್ನು ಕಿವಿಗಿಟ್ಟು ಕೇಳುತ್ತ ನಾನು ಎಷ್ಟೋ ಸಂಜೆ ಹೊಸ್ತಿಲ ಮೇಲೆ ಕೂತಿದ್ದೇನೆ.

ಎರಡು ವರ್ಷ ಕಳೆದವು. ಕೊನೆಯ ಮನೆಯಲ್ಲಿ ಗಂಡುಕೂಸು ಹುಟ್ಟಿತು. ಅದಕ್ಕೆ ಹನಿ ಹಾಕಲೇಬೇಕು, ಜೀವವಿರುವ ಹನಿಯನ್ನೇ ಹಾಕಬೇಕು. ಆ ದಿನಗಳಲ್ಲಿ ನನಗೆ ಬೇರೆ ಆಸೆಯೇ ಇರಲಿಲ್ಲ. ಆದರೆ ತಾಯಿ ಒಪ್ಪಲಿಲ್ಲ. ನನ್ನ ಓರಗೆಯವಳೇ, ಮಾತು ಕಡಿಮೆ. “ಮದ್ಲಿನಾಕಿಗೂ ಹಾಕಿಸಿದ್ನೆಲ್ರಿ ಬಾಯಾರ. ಏನಾತು?” ಎಂದಳು.

ಮತ್ತೆ ಹೋದೆ. ಮತ್ತೆ ಮತ್ತೆ ಹೋದೆ. ಹೋದಾಗಲೆಲ್ಲ ಆ ಹುಡುಗಿ, ಆಗ ನಾಲ್ಕರ ಹತ್ತಿರದವಳು, ಒಂದು ಕೈ ಗೋಡೆಗೆ ಕೊಟ್ಟು, ಎಡಗಾಲು ಎಳೆಯುತ್ತ ಬಂದು ನನಗೆ ಮಣೆ ಹಾಕುತ್ತಿದ್ದಳು. ಆ ಮಣೆಯ ಮೇಲೆ ಕೂರುವುದೆಂದರೆ ಮುಳ್ಳಿನ ಮೇಲೆ ಕೂತಂತೆ. ತಾಯಿ ಹತ್ತಿ ಬಿಡಿಸುತ್ತ ಕೇಳುತ್ತಿದ್ದಳು, ನಾನು ಪೋಲಿಯೋ ಎಂದರೇನು, ಹನಿ ಎಂದರೇನು ಎಂದೆಲ್ಲ ಹೇಳುತ್ತಿದ್ದೆ. ಒಂದನ್ನು ಮಾತ್ರ ಹೇಳಲಿಲ್ಲ. ಆ ಔಷಧ ತಂಪಾಗಿರಬೇಕು, ಬೆಚ್ಚಗಾದರೆ ಸಾಯುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು, ಅಲ್ಲಿಂದ ಹಿಂದಿರುಗುತ್ತಿತ್ತು. ಅದನ್ನು ಹೇಳಿದರೆ ಅವಳ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು.

ಐದನೆಯ ಸಲಕ್ಕೆ ಅವಳು ಹತ್ತಿ ಕೆಳಗಿಟ್ಟಳು. “ಆತ್ರಿ, ಹಾಕ್ರಿ. ಯಾರನ್ನೂ ನಂಬೂದಿಲ್ಲ ನಾ, ನಿಮ್ಮನ್ನ ನಂಬತೀನಿ. ನನ್ನ ಮಗಳ ಸಲುವಾಗಿ ಅತ್ತಾಕಿ ನೀವು” ಎಂದಳು. ಖುಷಿಯಾಗಬೇಕಿತ್ತು. ಆ ಮಣೆಯಿಂದ ಎದ್ದು, ತಿರುಗಿ ನೋಡದೆ ಓಣಿಗೆ ಇಳಿದೆ.

ಆ ದಿನ ಬಂತು. ಹೊಲಗಳಲ್ಲಿ ಕುಸುಬಿ ಒಣಗಿ ನಿಂತ ಕಾಲ. ಬಸ್ಸು ಹೊತ್ತಿಗೆ ಸರಿಯಾಗಿ ಬಂತು, ಕೌದಿ ಹೊದ್ದ ಫ್ಲಾಸ್ಕು ನನ್ನ ಬಗಲಲ್ಲಿತ್ತು. ಆ ದಾರಿಯನ್ನು ನಾನು ನಡೆದೆನೋ ತೇಲಿದೆನೋ ಹೇಳಲಾರೆ. ಐಸು ಗಟ್ಟಿಯಾಗಿ ನುಡಿಯುತ್ತಿತ್ತು. ಈ ಸಲ ತಪ್ಪಿಲ್ಲ, ಈ ಸಲ ತಪ್ಪಿಲ್ಲ ಎಂದು ಅದರ ಜೊತೆ ನಾನೂ ಅಂದುಕೊಳ್ಳುತ್ತ ನಡೆದೆ. ಕೊನೆಯ ಮನೆಯ ಕಟ್ಟೆಯ ಮೇಲೆಯೇ ಎಲ್ಲ ಕೂಸುಗಳಿಗೂ ಹನಿ ಎಂದು ಗೊತ್ತುಮಾಡಿದ್ದೆ, ಮೊದಲ ಹನಿ ಆ ಮನೆಯ ಕೂಸಿಗೇ ಎಂಬ ಆಸೆಯಿಂದ.

“ಬರ್ರಿ ಬಾಯಾರ, ಕಾಲು ತೊಳಕೋರ್ರಿ, ಮಾರಿ ಎಷ್ಟ ಕೆಂಪಾಗೇತಿ” ಎಂದು ಅವಳು ತಂಬಿಗೆ ಕೊಟ್ಟಳು. ಫ್ಲಾಸ್ಕನ್ನು ಪಡಸಾಲೆಯ ಮೂಲೆಯ ತಂಪಿನಲ್ಲಿಟ್ಟು, ಕಾಲು ತೊಳೆದು, ಉಳಿದ ತಾಯಂದಿರನ್ನು ಕರೆಯಲು ಓಣಿಗೆ ಹೋದೆ. ಒಂದು ಮನೆಯಲ್ಲಿ ಮುದುಕನ ಕಾಲಿನ ಗಾಯ ಕಟ್ಟಬೇಕಾಯಿತು. ಅರ್ಧ ತಾಸಿಗಿಂತ ಹೆಚ್ಚೇ ಆಗಿರಬೇಕು. ಏಳೆಂಟು ಜನ ತಾಯಂದಿರನ್ನು ಕಟ್ಟಿಕೊಂಡು ತಿರುಗಿ ಬಂದಾಗ ಗಂಟೆ ಮೂರು.

ಹೊಸ್ತಿಲ ಮೇಲೆ ಆ ಹುಡುಗಿ ಕೂತಿದ್ದಳು. ಬೊಗಸೆಯಲ್ಲಿ ಒಂದು ಐಸಿನ ತುಂಡು. ಅದರೊಳಗೆ ಬಿಸಿಲು ಹೊಕ್ಕು ಅವಳ ಗಲ್ಲದ ಮೇಲೆ ಆಡುತ್ತಿತ್ತು. ನೀರು ಮೊಣಕೈಗುಂಟ ಇಳಿದು ಲಂಗ ತೊಯ್ಯುತ್ತಿತ್ತು. ಅವಳು ಅದನ್ನು ನೆಕ್ಕುವಳು, ನಗುವಳು, ಕಿವಿಗಿಟ್ಟು ಕೇಳುವಳು, ಮತ್ತೆ ನಗುವಳು. ಆ ಹುಡುಗಿ ಅಷ್ಟು ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ಎಷ್ಟು ಚೆಂದ ಎಂದುಕೊಳ್ಳುತ್ತ ನಿಂತೆ. ನಿಂತೇ ಇದ್ದೆ. ಆಮೇಲೆ ತಿಳಿಯಿತು, ಅದು ನನ್ನ ಐಸು.

ಅವಳ ತಾಯಿ ಒಳಗಿನಿಂದ ಫ್ಲಾಸ್ಕನ್ನು ಸೆರಗಿನಿಂದ ಒರೆಸುತ್ತ ಬಂದಳು. ಮುಖದ ತುಂಬ ಸಂತೋಷ. “ಯಾರ್ರಿ ಬಾಯಾರ, ಇದನ್ನ ತುಂಬಿ ಕೊಟ್ಟಾರು? ಒಳಗ ಬರೇ ಥಂಡಿ ನೀರು, ಐಸು! ಇಂಥಾ ಬಿಸಿಲಾಗ ನಡದು ಬಂದಾಕಿ ಅದನ್ನ ಕುಡದ್ರ ಎದಿ ಹಿಡಿತೈತ್ರಿ. ಎಲ್ಲಾ ಚೆಲ್ಲಿ, ಬಿಸಿನೀರಾಗ ತೊಳದು, ಗಟ್ಟಿ ಹಾಲಿನ ಚಾ ತುಂಬೀನಿ. ದಾರ್ಯಾಗ ಕುಡಕೋತ ಹೋಗ್ರಿ.”

“ಬಾಟಲಿ?” ಎಂದೆ.

“ತಗದೀನ್ರಿ. ಮುಟ್ಟಿದ್ರ ಬೆರಳು ಕೊರಿಯಾಕತ್ತಿದ್ವು. ಅಷ್ಟು ಥಂಡಿ ಔಷಧ ಎಳೀ ಕೂಸಿನ ಬಾಯಾಗ ಹ್ಯಾಂಗ ಹಾಕೂದ್ರಿ? ಒಲಿ ಬಾಜುಕ ಇಟ್ಟೀನಿ. ಈಗ ಹೂಬೆಚ್ಚಗ ಆಗ್ಯಾವ ನೋಡ್ರಿ.”

“ಹುಚ್ಚು ಖೋಡಿ! ನಿನಗ್ಯಾರ ಮುಟ್ಟಂದ್ರು?” ಎಂದು ಚೀರಿದೆ. ಕಟ್ಟೆಯ ಮೇಲಿನ ಹೆಂಗಸರು ಒಳಗೆ ಇಣುಕಿದರು. ಅವಳ ಮುಖದ ಸಂತೋಷ ಇಳಿಯಲೂ ಇಲ್ಲ, ಹಾಗೆಯೇ ಒಣಗಿತು. ಒಳಗೆ ನುಗ್ಗಿದೆ. ಒಲೆಯ ಬದಿಗೆ, ಮಡಚಿಟ್ಟ ಶುಭ್ರ ಅರಿವೆಯ ಮೇಲೆ ಎರಡು ಬಾಟಲಿಗಳು, ಒರೆಸಿ, ನೆಟ್ಟಗೆ ನಿಲ್ಲಿಸಿದ್ದವು. ಕೂಸಿನ ಎಣ್ಣೆಯ ಬಟ್ಟಲನ್ನೂ ಅವಳು ಅಲ್ಲಿಯೇ ಇಟ್ಟಿದ್ದಳು. ಬಾಟಲಿ ಕೈಗೆತ್ತಿಕೊಂಡೆ. ಬೆಚ್ಚಗೆ, ಕೂಸಿನ ಮೈಯಷ್ಟು ಬೆಚ್ಚಗೆ.

ಹೊರಗಿನಿಂದ ಒಬ್ಬಳು ಕೂಗಿದಳು, “ಲಗೂ ಹಾಕ್ರಿ ಬಾಯಾರ, ಮನ್ಯಾಗ ಕೆಲಸ ಬಿದ್ದಾವು.” ಹಾಕಬಹುದಿತ್ತು. ಯಾರಿಗೆ ತಿಳಿಯುತ್ತಿತ್ತು? ಆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತವಳಿಗೆ ಕಾಲ ಹಿಂದಕ್ಕೆ ಸರಿದಂತಾಯಿತು. ಅದೇ ಬೆರಳು, ಅದೇ ಬೆಚ್ಚಗಿನ ಗಾಜು, ಹೊರಗೆ ಕಾಯುವ ಅವೇ ತಾಯಂದಿರು. ಅವಳನ್ನು ಖೋಡಿ ಎಂದೆನಲ್ಲ, ತಪ್ಪು ಯಾರದು? ಐದು ಸಲ ಆ ಮಣೆಯ ಮೇಲೆ ಕೂತೂ ಹೇಳದೆ ನುಂಗಿದವಳು ನಾನು. ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು.

ಹೊರಗೆ ಬಂದು, “ಇವತ್ತಿಲ್ರಿ. ಔಷಧ ಕೆಟ್ಟೈತಿ. ನಾಳಿ ಹೊಸಾದು ತರತೀನಿ” ಎಂದೆ. ಅವರು ಗೊಣಗುತ್ತ ಹೋದರು. ಅವಳು ಕಂಬಕ್ಕೆ ಒರಗಿ, ಕೂಸನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

“ತಪ್ಪಾತ್ರಿ ಬಾಯಾರ. ಬೆಚ್ಚಗಾದ್ರ ಕೆಡತೈತೇನ್ರಿ ಅದು?”

“ಸಾಯತೈತಿ. ಹಾಕಿದ್ರೂ ಹಾಕದಂಗ.”

ಅವಳು ಮಗಳ ಕಡೆ ನೋಡಿದಳು. ಐಸು ಹುಣಸೆಬೀಜದಷ್ಟಾಗಿತ್ತು. ಹುಡುಗಿ ಅದನ್ನು ಕಾಪಾಡಿಕೊಳ್ಳಲು ಬೊಗಸೆ ಮುಚ್ಚಿದ್ದಳು. ತಾಯಿ ನೋಡುತ್ತಲೇ ಇದ್ದಳು. ಪ್ರಶ್ನೆ ಅವಳಿಗೆ ಮುಟ್ಟುವುದನ್ನು ನಾನು ಕಣ್ಣಾರೆ ಕಂಡೆ.

“ಇಕಿಗೆ ಹಾಕಿದ ದಿನಾ ನಿಮ್ಮ ಬಸ್ಸು ಕೆಟ್ಟಿತ್ತಲ್ರಿ” ಎಂದಳು ಮೆಲ್ಲಗೆ. “ಸಂಜಿ ಆಗಿತ್ತು ನೀವು ಬಂದಾಗ.”

“ಹೌದು.”

“ಅವತ್ತು?”

ಒಂದೇ ಮಾತು ಸಾಕಿತ್ತು, ‘ತಂಪಿತ್ತು’ ಎಂದಿದ್ದರೆ ಆಗುತ್ತಿತ್ತು. “ಅವತ್ತೂ ಬೆಚ್ಚಗಾಗಿತ್ತವ್ವಾ. ಬೆರಳಿಟ್ಟು ನೋಡಿದ್ದೆ. ನನಗ ಗೊತ್ತಿತ್ತು” ಎಂದೆ. “ಗೊತ್ತಿದ್ದೂ ಹಾಕಿದೆ.”

ಬೈಯುತ್ತಾಳೆ ಎಂದುಕೊಂಡೆ. ಕಸಬರಿಗೆ ತಂದರೂ ನಿಲ್ಲುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅವಳು ಕೂಸನ್ನು ತೊಟ್ಟಿಲಿಗೆ ಹಾಕಿ, ಹೊಸ್ತಿಲಿಗೆ ಬಂದು ಕೂತು, ಮಗಳ ಒದ್ದೆ ಕೈಗಳನ್ನು ಒಂದೊಂದೇ ಬೆರಳು ಹಿಡಿದು ಸೆರಗಿನಿಂದ ಒರೆಸಿದಳು. ಬಹಳ ಹೊತ್ತು ಒರೆಸಿದಳು. ಆಮೇಲೆ ಎದ್ದು ಫ್ಲಾಸ್ಕನ್ನು ತಂದು ನನ್ನ ಕೈಗಿಟ್ಟು, “ಹೋಗ್ರಿ” ಎಂದಳು.

ಮನೆಗೆ ಬಂದು ಆಯಿಗೆ ಎಲ್ಲ ಹೇಳಿದೆ. ಆಕೆ ಅಡಿಕೆ ಕತ್ತರಿಸುತ್ತಿದ್ದ ಅಡಕೊತ್ತನ್ನು ಕೆಳಗಿಟ್ಟಳು. “ಹೇಳಿದ್ದು ಛಲೋ ಆತು. ನಾಕು ವರ್ಷ ತಡಾ ಆತು. ಇನ್ನ ಏನ ಬಂದರೂ ತಡಕೋ” ಎಂದಳು. ಫ್ಲಾಸ್ಕನ್ನು ಬಚ್ಚಲಿಗೆ ಒಯ್ದು ಬೂಚಿನ ಮೇಲೆ ಕೈಯಿಟ್ಟೆ. ಚಹಾ ಚೆಲ್ಲಲು ಕೈ ಬರಲಿಲ್ಲ, ಕುಡಿಯುವುದಂತೂ ದೂರದ ಮಾತು. ಗೂಡಿನಲ್ಲಿಟ್ಟು ಮಲಗಿದೆ.

ಮರುದಿನ ನಸುಕಿನಲ್ಲಿ ಶಲವಡಿಯ ದಾರಿ ಹಿಡಿದಾಗ ಮುಂದೆ ಯಾರೋ ನಡೆಯುತ್ತಿದ್ದರು. ಕುಸುಬಿ ಹೊಲಗಳ ನಡುವೆ ಅರ್ಧ ಕತ್ತಲು, ಅರ್ಧ ಬೆಳಕು, ಸೀರೆಯ ಬಣ್ಣ ಕಾಣಿಸದು. ಹತ್ತಿರ ಹೋದಮೇಲೆ ಗುರುತು ಹತ್ತಿತು, ಅವಳೇ, ಕೂಸನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಿದ್ದಳು. ನಾನು ಜೊತೆಗೂಡಲಿಲ್ಲ, ಇಪ್ಪತ್ತು ಹೆಜ್ಜೆ ಹಿಂದೆಯೇ ಉಳಿದೆ. ಅವಳು ತಿರುಗಿ ನೋಡಲಿಲ್ಲ. ಬಗಲಲ್ಲಿ ಅವತ್ತು ಐಸಿನ ಸದ್ದಿಲ್ಲ. ಕಂಠಮಟ್ಟ ತುಂಬಿದ ಚಹಾ ಸದ್ದು ಮಾಡುವುದಿಲ್ಲ. ಬಸ್ಸಿನಲ್ಲಿ ಅವಳು ಮುಂದೆ ಕೂತಳು, ನಾನು ಹಿಂದೆ.

ನವಲಗುಂದದ ದವಾಖಾನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದಾಗ ಅವಳು ನನ್ನನ್ನು ದಾಟಿ ಮುಂದೆ ಹೋಗಿ ನಿಂತಳು. “ಮುಟ್ಟಿ ನೋಡ್ಲೇನ್ರಿ?” ಎಂದು ಬಾಗಿಲು ತೆರೆದ ದವಾಖಾನೆಯವನನ್ನು ಕೇಳಿದಳು. ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದಳು, ಹಿಡಿದೇ ನಿಂತಳು, ಬೆರಳು ಕೊರೆಯುವವರೆಗೂ. ಆಮೇಲೆ ಕೂಸಿನ ಬಾಯಿಯನ್ನು ತಾನೇ ಬಿಡಿಸಿ ಹಿಡಿದಳು. ಎರಡು ಹನಿ ಬಿದ್ದವು. ಕೂಸು ಮುಖ ಕಿವುಚಿ ಅತ್ತಿತು. ಆ ಅಳು ಕೇಳಿ ನನಗೂ ಅಳು ಬಂತು, ಆದರೆ ಅವಳ ಎದುರು ಇನ್ನೊಮ್ಮೆ ಅಳುವ ಹಕ್ಕು ನನಗಿರಲಿಲ್ಲ.

ಉಳಿದ ಕೂಸುಗಳ ಹನಿ ತುಂಬಿಕೊಳ್ಳಲು ಫ್ಲಾಸ್ಕು ಖಾಲಿಯಾಗಬೇಕಿತ್ತು. ಅಂಗಳದ ಬೇವಿನ ಮರದ ಬುಡಕ್ಕೆ ಹೋಗಿ ಬೂಚು ತಿರುವಿದೆ.

“ಚೆಲ್ಲಬ್ಯಾಡ್ರಿ.”

ಅವಳು ಹಿಂದೆಯೇ ಬಂದಿದ್ದಳು. ನಿನ್ನೆಯಿಂದ ನನಗೆ ಆಡಿದ ಮೊದಲ ಮಾತು ಅದು. ಬಿಸಿಲಿಗೆ ಕೂಸಿನ ಮುಖ ಮುಚ್ಚಿದಳು.

“ನಿನ್ನಿ ಮನ್ಯಾಗ ಇದ್ದದ್ದು ಒಂದ ವಾಟಗ ಹಾಲು. ನನ್ನ ಮಗಳ ಪಾಲಿಂದು. ‘ಬಾಯಾರಿಗೆ ಚಾ ಮಾಡತೀನಿ, ನೀ ನಾಳಿ ಕುಡಿ’ ಅಂದೆ. ಹೂಂ ಅಂದ್ಲು” ಎಂದಳು. “ಕುಡೀರಿ.”

ಫ್ಲಾಸ್ಕಿನ ಮುಚ್ಚಳಕ್ಕೆ ಸುರಿದುಕೊಂಡೆ. ಒಂದು ಮುಚ್ಚಳ, ಇನ್ನೊಂದು, ಮತ್ತೊಂದು, ತಳದ ಪುಡಿ ನಾಲಿಗೆಗೆ ಹತ್ತುವವರೆಗೂ ಅವಳು ನಿಂತು ನೋಡಿದಳು. ಹಿಂದಿನ ದಿನ ಮಧ್ಯಾಹ್ನ ತುಂಬಿದ ಚಹಾ ಅದು. ಇನ್ನೂ ಬಿಸಿಯಾಗಿತ್ತು.